ಹೃದಯದ ಆಪರೇಷನ್‌ಗೆ ಮೊದಲು ಲಿವರ್ ಪರೀಕ್ಷೆ ಏಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಕಾಯಿಲೆ ಕಸಾಲೆಯ ಮಾತು ಬೇಕೇ ಎಂದು ನಾನು ಕಾರ್ಯದರ್ಶಿಗಳನ್ನು ಕೇಳಿದೆ. "ಬೇಕು ಡಾಕ್ಟ್ರೇ. ಹಾರ್ಟ್ ಆಪರೇಷನ್ ಆದವರು, ಆಗಬೇಕು ಅಂತ ಚೀಟಿ ಹಿಡಿದುಕೊಂಡು ಓಡಾಡೋರು ನಮ್ಮಲ್ಲಿ ಬೀದಿಗೊಬ್ಬರಿದ್ದಾರೆ. ಅವರ ಅನುಮಾನ ಬಗೆಹರಿಸಿ" ಅಂದರು. ಅವರು ಹೇಳಿದ ಅನುಮಾನಗಳಲ್ಲಿ ಒಂದನ್ನು ಮಾತ್ರ ಇವತ್ತು ಎತ್ತಿಕೊಂಡಿದ್ದೇನೆ. ಅದು ಇದು: "ಎದೆನೋವು ಅಂತ ಹೋದರೆ ಹೊಟ್ಟೆ ಸ್ಕ್ಯಾನ್ ಮಾಡಿಸ್ತಾರೆ, ಲಿವರ್ ಟೆಸ್ಟ್ ಅಂತ ರಕ್ತ ತಗೀತಾರೆ. ಆಮೇಲೆ ಲಿವರ್ ಸರಿಯಿಲ್ಲ, ಮೂರು ತಿಂಗಳು ಬಿಟ್ಟು ಬಾ ಅಂತಾರೆ. ಹೃದಯಕ್ಕೂ ಲಿವರ್‌ಗೂ ಏನು ಸಂಬಂಧ? ದುಡ್ಡು ಕೀಳೋ ಉಪಾಯವೋ, ಇಲ್ಲ ಸಾಗಹಾಕೋ ಉಪಾಯವೋ?"

ಪ್ರಶ್ನೆ ನ್ಯಾಯವಾದದ್ದೇ. ಮಧುಗಿರಿ, ಕೊರಟಗೆರೆ, ಶಿರಾ ಕಡೆಯವರು ತುಮಕೂರು ದಾಟಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೋ ಇನ್ನೊಂದು ಆಸ್ಪತ್ರೆಗೋ ಹೋಗಬೇಕು. ಪಾವಗಡದವರಿಗೆ ಮೂರು ದಿಕ್ಕಿನಲ್ಲೂ ಆಂಧ್ರ; ಅವರಲ್ಲಿ ಅನೇಕರು ಪುಟ್ಟಪರ್ತಿಯ ಸತ್ಯಸಾಯಿ ಆಸ್ಪತ್ರೆಯ ಹಾದಿ ಹಿಡಿಯುತ್ತಾರೆ. ಅದು 1991ರ ನವೆಂಬರ್‌ನಲ್ಲಿ ಶುರುವಾಯಿತು. ಅದೇ ಸಂಸ್ಥೆಯವರ ವೈಟ್‌ಫೀಲ್ಡ್ ಆಸ್ಪತ್ರೆ ತೆರೆದದ್ದು 2001ರ ಜನವರಿಯಲ್ಲಿ. ಎರಡೂ ಕಡೆ ಬಿಲ್ಲು ಕಟ್ಟುವ ಕಿಟಕಿಯೇ ಇಲ್ಲ. ಅಲ್ಲೂ ಆಪರೇಷನ್‌ಗೆ ಮುನ್ನ ಲಿವರ್ ನೋಡಿಯೇ ನೋಡುತ್ತಾರೆ. ದುಡ್ಡು ತೆಗೆದುಕೊಳ್ಳದ ಕಡೆಯಲ್ಲೂ ಮಾಡುತ್ತಾರೆ ಅಂದಮೇಲೆ ಅದು ದುಡ್ಡು ಕೀಳುವ ಉಪಾಯವಲ್ಲ ಎಂಬುದಷ್ಟು ಖಾತ್ರಿ. ಹಾಗಾದರೆ ಮತ್ತೇಕೆ?

ನೀವು ಸಂಘದಲ್ಲಿ ಸಾಲ ಕೊಡುವಾಗ ಏನು ಮಾಡುತ್ತೀರಿ? ಪಹಣಿ ನೋಡುತ್ತೀರಿ, ಹಳೇ ಬಾಕಿ ನೋಡುತ್ತೀರಿ, ಜಾಮೀನುದಾರ ಯಾರು ಅಂತ ಕೇಳುತ್ತೀರಿ. ಅರ್ಜಿದಾರ ಒಳ್ಳೆಯವನಲ್ಲ ಅಂತಲ್ಲ. ಅವನು ತೀರಿಸಬಲ್ಲನೇ ಅಂತ. ಹೃದಯದ ಆಪರೇಷನ್ ಅಂದರೆ ಮೈಮೇಲೆ ಒಮ್ಮೆಗೇ ಎತ್ತುವ ದೊಡ್ಡ ಸಾಲ. ಎದೆಯ ಮೂಳೆ ಸೀಳಬೇಕು, ರಕ್ತ ಹೋಗುತ್ತದೆ, ಹತ್ತಾರು ಔಷಧಿ ಒಟ್ಟಿಗೆ ಮೈಗೆ ಹೋಗುತ್ತವೆ, ಗಾಯ ಮಾಯಬೇಕು, ಸೋಂಕು ತಡೆಯಬೇಕು. ಈ ಸಾಲಕ್ಕೆ ಜಾಮೀನು ನಿಲ್ಲುವವರಲ್ಲಿ ಮೂತ್ರಪಿಂಡ ಒಬ್ಬ, ಶ್ವಾಸಕೋಶ ಒಬ್ಬ, ಲಿವರ್ ಇನ್ನೊಬ್ಬ.  ತೊಂದರೆಯಲ್ಲಿದ್ದರೂ ಲಿವರ್ ಬೇಗ ಕೂಗಿಕೊಳ್ಳುವುದಿಲ್ಲ. ಮುಕ್ಕಾಲು ಹಾಳಾದರೂ ಸುಮ್ಮನೆ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು.

ಲಿವರ್ ಅಂದರೆ ಪಿತ್ತಜನಕಾಂಗ, ಯಕೃತ್ತು. ನಮ್ಮ ಕಡೆ ಕುರಿ ಕೊಯ್ದಾಗ ನೋಡದವರು ಯಾರೂ ಇಲ್ಲ, ಅದನ್ನು ವರ್ಣಿಸಬೇಕಿಲ್ಲ. ಮನುಷ್ಯನದು ಬಲಗಡೆ ಪಕ್ಕೆಲುಬಿನ ಕೆಳಗಿರುತ್ತದೆ, ಸುಮಾರು ಒಂದೂವರೆ ಕಿಲೋ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದಲ್ಲ, ಅದರಲ್ಲಿ ಕಾಲು ಭಾಗದಷ್ಟು ಲಿವರ್ ಮೂಲಕವೇ ಹಾದುಬರಬೇಕು. ಅದರ ಕೆಲಸಗಳು ಬಹಳ. ಆಪರೇಷನ್ನಿಗೆ ಬೇಕಾದ ಮೂರನ್ನು ಹೇಳುತ್ತೇನೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳಲ್ಲಿ ಹೆಚ್ಚಿನವನ್ನು ತಯಾರಿಸುವುದು ಲಿವರ್. ಆಲ್ಬುಮಿನ್ ಎಂಬ ಪ್ರೋಟೀನನ್ನು ತಯಾರಿಸುವುದೂ ಅದೇ. ಔಷಧಿ, ಅರಿವಳಿಕೆ, ಮೈಯೊಳಗಿನ ಕಶ್ಮಲ ಇವುಗಳನ್ನು ಕರಗಿಸಿ ಹೊರಹಾಕುವುದೂ ಅದೇ.

ಆಲ್ಬುಮಿನ್ ಅಂದರೆ ಏನು ಎಂದು ಕುರಿ ಸಾಕಿದವರಿಗೆ ಹೇಳುವುದು ಸುಲಭ. ಕೆರೆಯಂಗಳದ ಜೌಗಿನಲ್ಲಿ ಮೇಯ್ದು ಲಿವರ್ ಹುಳು ಹತ್ತಿದ ಕುರಿಗೆ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋಲುತ್ತದಲ್ಲ? ಅದು ಆಲ್ಬುಮಿನ್ ಕಡಿಮೆಯಾದದ್ದರ ಗುರುತು. ರಕ್ತದ ನೀರಿನಂಶವನ್ನು ನಾಳದೊಳಗೇ ಹಿಡಿದಿಡುವುದು ಈ ಪ್ರೋಟೀನು. ಅದು ತಗ್ಗಿದರೆ ನೀರು ಸೋರಿ ಸಿಕ್ಕಸಿಕ್ಕಲ್ಲಿ ನಿಲ್ಲುತ್ತದೆ. ಕುರಿಗೆ ದವಡೆಯಲ್ಲಿ, ಮನುಷ್ಯನಿಗೆ ಕಾಲಲ್ಲಿ, ಹೊಟ್ಟೆಯಲ್ಲಿ. ಅಂಥ ಮೈಯಲ್ಲಿ ಎದೆಯ ಗಾಯ ಬೇಗ ಕೂಡುವುದಿಲ್ಲ.

ಇನ್ನು ರಕ್ತ ಹೆಪ್ಪುಗಟ್ಟುವ ವಿಚಾರ. ಹೃದಯವನ್ನು ನಿಲ್ಲಿಸಿ ಅದರೊಳಗೆ ಕೈಯಾಡಿಸಬೇಕಾದರೆ ಅಷ್ಟು ಹೊತ್ತು ರಕ್ತವನ್ನು ಯಂತ್ರವೊಂದು ಓಡಿಸಬೇಕು. ಅಮೆರಿಕದ ಡಾ. ಜಾನ್ ಗಿಬ್ಬನ್ ಎಂಬವರು 1953ರ ಮೇ 6ರಂದು ಮೊದಲ ಸಲ ಇಂಥ ಯಂತ್ರದ ನೆರವಿನಿಂದ ಹುಡುಗಿಯೊಬ್ಬಳ ಹೃದಯದ ರಂಧ್ರ ಮುಚ್ಚಿ ಯಶಸ್ವಿಯಾದರು. ಯಂತ್ರದ ಕೊಳವೆಗಳಲ್ಲಿ ಹರಿಯುವಾಗ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಹೆಪಾರಿನ್ ಎಂಬ ಔಷಧಿ ಕೊಡುತ್ತಾರೆ. ಆ ಹೆಸರೇ ಗ್ರೀಕ್ ಭಾಷೆಯಲ್ಲಿ ಲಿವರ್ ಎಂಬ ಅರ್ಥದ ಶಬ್ದದಿಂದ ಬಂದದ್ದು. 1916ರಲ್ಲಿ ನಾಯಿಯ ಲಿವರ್‌ನಿಂದ ತೆಗೆದ ಪದಾರ್ಥದ ಮೇಲೆ ನಡೆದ ಕೆಲಸವೇ ಅದರ ಮೂಲ. ತಮಾಷೆ ಏನೆಂದರೆ, ಹೆಪಾರಿನ್ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಲಿವರ್ ತಯಾರಿಸುವ ಇನ್ನೊಂದು ಪದಾರ್ಥ ಅದಕ್ಕೆ ಜೊತೆಯಾಗಬೇಕು. ಆಪರೇಷನ್ ಮುಗಿದ ಮೇಲೆ ಹೆಪಾರಿನ್ ಪ್ರಭಾವ ಇಳಿಸಿದಾಗ ರಕ್ತ ಮತ್ತೆ ಹೆಪ್ಪುಗಟ್ಟಬೇಕು, ಅದಕ್ಕೂ ಲಿವರ್ ತಯಾರಿಸಿದ ಸರಕೇ ಬೇಕು. ಕಟ್ಟಬಾರದಾಗ ಕಟ್ಟದಿರಲು, ಕಟ್ಟಬೇಕಾದಾಗ ಕಟ್ಟಲು, ಎರಡಕ್ಕೂ ಲಿವರೇ. ಅದರ ಉಗ್ರಾಣ ಬರಿದಾಗಿದ್ದರೆ ಹೊಲಿಗೆ ಎಷ್ಟು ಚೆನ್ನಾಗಿ ಹಾಕಿದರೂ ರಕ್ತ ಒಸರುತ್ತಲೇ ಇರುತ್ತದೆ, ಬಾಟಲಿ ಮೇಲೆ ಬಾಟಲಿ ರಕ್ತ ಕೊಡಬೇಕಾಗುತ್ತದೆ. ಸಾಲದ್ದಕ್ಕೆ ಯಂತ್ರದ ಮೇಲಿರುವಷ್ಟು ಹೊತ್ತು ಲಿವರ್‌ಗೆ ಬರುವ ರಕ್ತವೂ ಎಂದಿನ ಹಾಗಿರುವುದಿಲ್ಲ. ಗಟ್ಟಿ ಲಿವರ್ ತಡೆದುಕೊಳ್ಳುತ್ತದೆ. ಮೊದಲೇ ಸೋತದ್ದು ಆಪರೇಷನ್ ಆದ ಮೂರನೇ, ನಾಲ್ಕನೇ ದಿನ ಕೈಕೊಡುತ್ತದೆ: ಕಣ್ಣು ಹಳದಿ, ಮಂಕು, ಮೂತ್ರ ಕಡಿಮೆ. ಆಮೇಲೆ ಐಸಿಯು ವಾಸ.

ಇದುವರೆಗೆ ಹೇಳಿದ್ದು ಲಿವರ್‌ನಿಂದ ಹೃದಯದ ಆಪರೇಷನ್‌ಗೆ ಆಗುವ ತೊಂದರೆ. ಇದರ ತಿರುವು ಮುರುವು ಇನ್ನೊಂದಿದೆ, ನಮ್ಮ ಹಳ್ಳಿಗಳಿಗೆ ಅದೇ ಹೆಚ್ಚು ಮುಖ್ಯ ಎಂದು ನನ್ನ ಅಭಿಪ್ರಾಯ. ಹೃದಯದಿಂದಲೇ ಲಿವರ್ ಕೆಡುವುದು.

ಜಯಮಂಗಲಿಯಲ್ಲೋ ಯಾವುದೋ ಹಳ್ಳದಲ್ಲೋ ಜೋರು ನೀರು ಬಂದಾಗ ಸೇತುವೆಯ ಕಣ್ಣಿಗೆ ಮುಳ್ಳುಕಂಟಿ ಸಿಕ್ಕಿಕೊಂಡು ಕಟ್ಟಿಕೊಂಡರೆ ಏನಾಗುತ್ತದೆ? ಸೇತುವೆಯ ಕೆಳಗಿನವನಿಗೆ ನೀರಿಲ್ಲ, ಮೇಲಿನವನ ಹೊಲ ಜೌಗು. ಹೃದಯದ ಕವಾಟ ಕೆಟ್ಟಾಗ ಆಗುವುದೂ ಇದೇ. ಮಕ್ಕಳಿಗೆ ಗಂಟಲು ನೋವು, ಆಮೇಲೆ ಕೀಲುಗಳ ಬಾವು, ಜ್ವರ ಬಂದು ಹೋಗುತ್ತದೆ. ಅದು ಕೆಲವರಲ್ಲಿ ಹೃದಯದ ಕವಾಟವನ್ನು ಕಚ್ಚುತ್ತದೆ. ರುಮ್ಯಾಟಿಕ್ ಜ್ವರ ಎನ್ನುತ್ತೇವೆ. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದರೆ ಎರಡು ಸಲ ಬಂದು ನಿಲ್ಲಿಸುತ್ತಾರೆ. ಇಪ್ಪತ್ತು ಮೂವತ್ತರ ವಯಸ್ಸಿಗೆ ನಡೆದರೆ ದಮ್ಮು. ಆಗ ಕವಾಟದ ಆಪರೇಷನ್ ಅಥವಾ ಬಲೂನ್ ಚಿಕಿತ್ಸೆ ಆಗಬೇಕು ಅಂದರೆ, "ಬೆಳೆ ಬರಲಿ", "ತಂಗಿ ಮದುವೆ ಆಗಲಿ", "ಹೆರಿಗೆ ಆಗಲಿ" ಅಂತ ಮುಂದೂಡುತ್ತಾರೆ. ಎಡಗಡೆ ಕವಾಟದ ಒತ್ತಡ ಶ್ವಾಸಕೋಶ ದಾಟಿ ಬಲಗಡೆ ಹೃದಯಕ್ಕೆ ಬರುತ್ತದೆ, ಅಲ್ಲಿಂದ ಹಿನ್ನೀರು ಲಿವರ್‌ಗೆ. ಲಿವರ್ ಊದಿಕೊಳ್ಳುತ್ತದೆ, ಬಲಗಡೆ ಹೊಟ್ಟೆ ಭಾರ, ಊಟ ಸೇರದು, ಕಾಲು ಬಾವು, ಕೊನೆಗೆ ಹೊಟ್ಟೆಯಲ್ಲಿ ನೀರು. ವರ್ಷಾನುಗಟ್ಟಲೆ ಹೀಗೇ ನಿಂತರೆ ಲಿವರ್ ಗಟ್ಟಿಯಾಗುತ್ತದೆ, ಒಂದು ತೊಟ್ಟು ಹೆಂಡ ಮುಟ್ಟದವರಿಗೂ.

ಮೂರು ವರ್ಷದ ಹಿಂದೆ ಸುಲಭವಾಗಿ ಆಗಬಹುದಾಗಿದ್ದ ಆಪರೇಷನ್ ಈಗ ಯಾಕೆ "ರಿಸ್ಕ್" ಆಯಿತು ಎಂದು ಮನೆಯವರು ಕೇಳುತ್ತಾರೆ. ಹೃದಯದ ಕಾಯಿಲೆ ಅದೇ. ಆದರೆ ಈ ಮೂರು ವರ್ಷದಲ್ಲಿ ಜಾಮೀನುದಾರನೂ ದಿವಾಳಿಯಾಗಿದ್ದಾನೆ.

ಇನ್ನೊಂದು ಸಂಗತಿ ಇದೆ, ದಯಮಾಡಿ ಗಮನವಿಟ್ಟು ಕೇಳಿ. ಹೊಟ್ಟೆಯಲ್ಲಿ ನೀರು, ಕಾಲು ಬಾವು ಕಂಡ ಕೂಡಲೇ "ಲಿವರ್ ಹೋಗಿದೆ, ಇನ್ನೇನೂ ಮಾಡೋ ಹಾಗಿಲ್ಲ" ಎಂದು ಊರೇ ತೀರ್ಮಾನ ಮಾಡಿಬಿಡುತ್ತದೆ. ಕೆಲವರಲ್ಲಿ ಮೂಲ ಲಿವರ್ ಅಲ್ಲವೇ ಅಲ್ಲ. ಹೃದಯಕ್ಕೆ ಹೊದಿಸಿದ ತೆಳ್ಳನೆಯ ಚೀಲವೊಂದಿದೆ. ಕ್ಷಯರೋಗ ಆ ಚೀಲಕ್ಕೆ ತಗುಲಿ ವಾಸಿಯಾದ ಮೇಲೆ ಕೆಲವರಲ್ಲಿ ಅದು ದಪ್ಪಗಾಗಿ, ತೊಗಲಿನ ಹಾಗೆ ಬಿಗಿದುಕೊಳ್ಳುತ್ತದೆ. ಹೃದಯಕ್ಕೆ ಅರಳಲು ಜಾಗವಿಲ್ಲ, ರಕ್ತ ಹಿಂದಕ್ಕೆ ನಿಲ್ಲುತ್ತದೆ, ಲಿವರ್ ಊದುತ್ತದೆ, ಹೊಟ್ಟೆ ತುಂಬುತ್ತದೆ. ನೋಡಲು ಥೇಟು ಲಿವರ್ ಕಾಯಿಲೆ. ಆದರೆ ಒಂದು ಗುರುತಿದೆ: ರೋಗಿ ಎದ್ದು ಕೂತಾಗಲೂ ಕುತ್ತಿಗೆಯ ನರಗಳು ಉಬ್ಬಿ ನಿಂತಿರುತ್ತವೆ. ಬರೀ ಲಿವರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಎಕೋ ಮಾಡಿದರೆ ಸುಳಿವು ಸಿಗುತ್ತದೆ, ಆ ಬಿಗಿದ ಚೀಲವನ್ನು ಬಿಡಿಸಿ ತೆಗೆಯುವ ಆಪರೇಷನ್ ಇದೆ. ಸಮಯಕ್ಕೆ ಆದರೆ ಹೊಟ್ಟೆಯ ನೀರು ಇಳಿದು ಮನುಷ್ಯ ಮತ್ತೆ ನೇಗಿಲು ಹಿಡಿಯುತ್ತಾನೆ. ಆದ್ದರಿಂದ ಕುಡಿಯದವನಿಗೆ, ಕಾಮಾಲೆ ಬಂದಿರದವನಿಗೆ ಹೊಟ್ಟೆಯಲ್ಲಿ ನೀರು ತುಂಬಿದರೆ, ಹೃದಯವನ್ನೂ ಒಮ್ಮೆ ನೋಡಿಸಿದಿರಾ ಎಂದು ಕೇಳಿ. ಕ್ಷಯ ಬಂದು ಹೋಗಿದ್ದರಂತೂ ಕೇಳಲೇಬೇಕು.

ಈಗ ಲೆಕ್ಕಕ್ಕೆ ಬರೋಣ. ಆಪರೇಷನ್ ಎಷ್ಟು ಅಪಾಯ ಎಂದು ಡಾಕ್ಟರು ಬಾಯಿಗೆ ಬಂದ ಹಾಗೆ ಹೇಳುವುದಿಲ್ಲ, ಅಂಕಪಟ್ಟಿ ಇದೆ. ಹೃದಯದ ಆಪರೇಷನ್‌ಗೆಂದೇ ಯೂರೋಪಿನವರು 1999ರಲ್ಲಿ ಮಾಡಿದ "ಯೂರೋಸ್ಕೋರ್" ಎಂಬುದು ಪ್ರಸಿದ್ಧ. ವಯಸ್ಸು, ಮೂತ್ರಪಿಂಡ, ಶ್ವಾಸಕೋಶ, ಹೃದಯದ ಬಲ ಎಲ್ಲ ಕೇಳುತ್ತದೆ. ವಿಚಿತ್ರವೆಂದರೆ ಅದರಲ್ಲಿ ಲಿವರ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಆಮೇಲೆ ತಿದ್ದಿದ ಎರಡನೆಯ ಪಟ್ಟಿಯಲ್ಲೂ ಇಲ್ಲ. ಆದ್ದರಿಂದ ಆ ಪಟ್ಟಿಯಲ್ಲಿ ಅಪಾಯ ಕಡಿಮೆ ಎಂದು ಬಂದ ಮಾತ್ರಕ್ಕೆ ಲಿವರ್ ರೋಗಿ ನೆಮ್ಮದಿಯಾಗಿರುವಂತಿಲ್ಲ. ಲಿವರ್‌ಗೆ ಬೇರೆಯೇ ಅಂಕಪಟ್ಟಿ ಹಾಕಬೇಕು.

ಅದರಲ್ಲಿ ಹಳೆಯದು ಚೈಲ್ಡ್–ಪ್ಯೂ ಪಟ್ಟಿ. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಎಂಬ ಸರ್ಜನ್ನರು ಶುರುಮಾಡಿದ್ದು, 1973ರಲ್ಲಿ ಪ್ಯೂ ಮತ್ತು ಸಂಗಡಿಗರು ತಿದ್ದಿದ್ದು. ಇದರಲ್ಲಿ ಐದೇ ಬಾಬ್ತು: ಬಿಲಿರುಬಿನ್ ಎಂಬ ಕಾಮಾಲೆಯ ಬಣ್ಣ, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಹೊತ್ತನ್ನು ತೋರಿಸುವ ಐಎನ್‌ಆರ್, ಹೊಟ್ಟೆಯ ನೀರು, ಮಂಕು. ಒಂದೊಂದಕ್ಕೂ 1ರಿಂದ 3 ಅಂಕ. ಇಲ್ಲಿ ಅಂಕ ಹೆಚ್ಚು ಬಂದವನು ಫೇಲು. 5–6 ಬಂದರೆ ಎ ವರ್ಗ, 7ರಿಂದ 9 ಬಿ, 10ರ ಮೇಲೆ ಸಿ.

ಲೆಕ್ಕಕ್ಕಾಗಿ ಒಬ್ಬರನ್ನು ಊಹಿಸಿಕೊಳ್ಳೋಣ. ಬಿಲಿರುಬಿನ್ 1.5, ಅದು 2ರ ಕೆಳಗಿದೆ, 1 ಅಂಕ. ಆಲ್ಬುಮಿನ್ 3.2, ಅದು 3.5ರ ಮೇಲಿದ್ದರೆ 1 ಅಂಕ, 2.8ರ ಕೆಳಗಿದ್ದರೆ 3, ನಡುವೆ ಇರುವುದರಿಂದ 2. ಐಎನ್‌ಆರ್ 1.4, ಅದು 1.7ರ ಕೆಳಗೆ, 1 ಅಂಕ. ಹೊಟ್ಟೆಯಲ್ಲಿ ಸ್ವಲ್ಪ ನೀರು, 2. ಮಂಕು ಇಲ್ಲ, 1. ಒಟ್ಟು 7, ಬಿ ವರ್ಗ. ಇವರನ್ನು ಮೂರು ತಿಂಗಳು ಬಿಟ್ಟು ಬಾ ಎಂದು ಕಳಿಸಿದರು ಎನ್ನಿ. ಅವರು ಕುಡಿತ ನಿಲ್ಲಿಸಿ, ನೀರು ಇಳಿಸುವ ಮಾತ್ರೆ ನುಂಗಿ, ಹೊಟ್ಟೆತುಂಬ ಬೇಳೆಕಾಳು ಮೊಟ್ಟೆ ತಿಂದು ಬಂದರು. ಆಲ್ಬುಮಿನ್ 3.6ಕ್ಕೆ ಏರಿದೆ, ಹೊಟ್ಟೆಯ ನೀರು ಇಳಿದಿದೆ. ಈಗ ಒಟ್ಟು 5, ಎ ವರ್ಗ.

ಈ ಎರಡು ಅಂಕದ ಬೆಲೆ ಏನು? ಲಿವರ್ ಗಟ್ಟಿಯಾದವರಿಗೆ ಹೃದಯದ ಆಪರೇಷನ್ ಮಾಡಿದ ಆಸ್ಪತ್ರೆಗಳ ವರದಿಗಳನ್ನು ಒಟ್ಟಿಗೆ ನೋಡಿದರೆ ಎ ವರ್ಗದಲ್ಲಿ ನೂರಕ್ಕೆ ಹೆಚ್ಚುಕಡಿಮೆ ಹತ್ತರೊಳಗೆ ಸಾವು. ಬಿ ವರ್ಗದಲ್ಲಿ ಮೂವರಲ್ಲಿ ಒಬ್ಬರು, ಕೆಲವು ಕಡೆ ಇನ್ನೂ ಹೆಚ್ಚು. ಸಿ ವರ್ಗದಲ್ಲಿ ಅರ್ಧಕ್ಕಿಂತ ಮೇಲೆ. ಈ ವರದಿಗಳಲ್ಲಿ ರೋಗಿಗಳ ಸಂಖ್ಯೆ ಸಣ್ಣದು, ಆದ್ದರಿಂದ ಅಂಕಿಗಳು ಅಷ್ಟಿಷ್ಟು ಏರುಪೇರಾಗುತ್ತವೆ. ಆದರೆ ಮೆಟ್ಟಿಲು ಎಷ್ಟು ಕಡಿದು ಎಂಬುದು ಎಲ್ಲ ವರದಿಗಳಲ್ಲೂ ಒಂದೇ. ಮೂರು ತಿಂಗಳು ಬಿಟ್ಟು ಬಾ ಅಂದದ್ದು ಸಾಗಹಾಕಿದ್ದಲ್ಲ. ಬಿ ಇಂದ ಎ ಗೆ ಇಳಿದು ಬಾ ಎಂದದ್ದು. ಆ ಮೂರು ತಿಂಗಳು ಮನೆಯಲ್ಲಿ ಏನು ಮಾಡಿದಿರಿ ಎಂಬುದರ ಮೇಲೆ ಮುಂದಿನದು ನಿಂತಿದೆ. ತುರ್ತು ಇದ್ದರೆ ಕಾಯುವ ಮಾತಿಲ್ಲ, ಅದು ಬೇರೆ; ಆಗ ಅಪಾಯವನ್ನು ತಿಳಿಸಿ, ಒಪ್ಪಿಗೆ ಪಡೆದು ಮುಂದುವರಿಯುತ್ತಾರೆ.

ಇನ್ನೊಂದು ಪಟ್ಟಿ "ಮೆಲ್ಡ್" ಎಂಬುದು. 2001ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ಪ್ಯಾಟ್ರಿಕ್ ಕಾಮತ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಕಾಮತ್ ಎಂಬ ಹೆಸರು ನಮಗೇನೂ ಪರಕೀಯವಲ್ಲ! ಬಿಲಿರುಬಿನ್, ಐಎನ್‌ಆರ್, ಮೂತ್ರಪಿಂಡದ ಕ್ರಿಯಾಟಿನಿನ್ ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಇಲ್ಲೊಂದು ಎಚ್ಚರಿಕೆ: ಹಿಂದೆ ಕವಾಟ ಹಾಕಿಸಿಕೊಂಡವರು, ಎದೆಬಡಿತ ಏರುಪೇರಾದವರು ರಕ್ತ ತೆಳುಮಾಡುವ ಅಸಿಟ್ರಾಮ್, ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಅವರ ಐಎನ್‌ಆರ್ ಮಾತ್ರೆಯಿಂದಲೇ ಏರಿರುತ್ತದೆ, ಲಿವರ್ ಕೆಟ್ಟು ಅಲ್ಲ. ಅದನ್ನು ಹೇಳದೆ ಹೋದರೆ ಲೆಕ್ಕ ದಿಕ್ಕುತಪ್ಪುತ್ತದೆ. ಹೇಳಿದರೆ ಐಎನ್‌ಆರ್ ಬಿಟ್ಟು ಲೆಕ್ಕ ಹಾಕುವ ಬೇರೆ ವಿಧಾನವೂ ಇದೆ.

"ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂದಿದೆ, ನನ್ನ ಕಥೆ ಮುಗೀತು" ಎಂದು ರಿಪೋರ್ಟು ಹಿಡಿದು ಬರುವವರಿಗೂ ಒಂದು ಮಾತು. ಅವು ಲಿವರ್‌ನ ಶಕ್ತಿಯನ್ನು ಅಳೆಯುವುದಿಲ್ಲ. ಕಡಲೆಕಾಯಿ ಚೀಲ ಹರಿದರೆ ನೆಲದ ಮೇಲೆ ಕಾಯಿ ಚೆಲ್ಲುತ್ತದೆ. ಚೆಲ್ಲಿದ್ದನ್ನು ನೋಡಿ ಚೀಲ ಹರಿದಿದೆ ಅನ್ನಬಹುದು, ಒಳಗೆಷ್ಟು ಉಳಿದಿದೆ ಅನ್ನಲಾಗದು. ಚೀಲ ಪೂರ್ತಿ ಖಾಲಿಯಾಗಿದ್ದರೆ ಚೆಲ್ಲುವುದೂ ಇಲ್ಲ. ಹಾಗೇ ಪೂರಾ ಗಟ್ಟಿಯಾದ ಲಿವರ್‌ನಲ್ಲಿ ಈ ಎರಡು ಅಂಕಿ ಸರಿಯಾಗಿಯೇ ಇರಬಹುದು. ಅಂದಹಾಗೆ ಎಸ್‌ಜಿಒಟಿ ಹೃದಯದ ಮಾಂಸದಲ್ಲೂ ಇದೆ. 1954ರಲ್ಲಿ ಅದನ್ನು ಮೊದಲು ಬಳಕೆಗೆ ತಂದದ್ದೇ ಹೃದಯಾಘಾತ ಕಂಡುಹಿಡಿಯಲು.

ಇಷ್ಟೆಲ್ಲ ಲೆಕ್ಕದ ನಂತರವೂ ಡಾಕ್ಟರಿಗೆ ತಿಳಿಯದೆ ಉಳಿಯುವುದು ನೀವು ಮುಚ್ಚಿಟ್ಟದ್ದು. ಕುಡಿತ ಮೊದಲನೆಯದು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು ಅಷ್ಟೆ. "ಎಲ್ಲೋ ಹಬ್ಬಕ್ಕೆ, ಒಂದು ಸ್ವಲ್ಪ" ಎನ್ನುವ ಮಾತಿನ ಮೇಲೆ ಆಪರೇಷನ್ ಆಗುತ್ತದೆ. ದಿನಾ ಕುಡಿಯುತ್ತಿದ್ದವನಿಗೆ ಒಮ್ಮೆಗೇ ನಿಂತರೆ ಎರಡು ಮೂರು ದಿನದೊಳಗೆ ನಡುಕ, ಬೆವರು, ಇಲ್ಲದ್ದು ಕಾಣುವುದು, ಕೆಲವರಿಗೆ ಫಿಟ್ಸ್. ಎದೆ ಹೊಲಿದು ಎರಡನೇ ದಿನ ಆತ ಹಾಸಿಗೆಯಿಂದ ಏಳಲು ಹೊರಟು ಕೊಳವೆಗಳನ್ನು ಕೀಳುತ್ತಾನೆ. ಮೊದಲೇ ಗೊತ್ತಿದ್ದರೆ ಇದಕ್ಕೆ ಔಷಧಿ ಇದೆ, ತಯಾರಿ ಇದೆ. ಗೊತ್ತಿಲ್ಲದಿದ್ದರೆ ಮಿದುಳಿಗೆ ಪೆಟ್ಟಾಯಿತೇನೋ ಎಂದು ಎಲ್ಲರೂ ಗಾಬರಿ.

ಎರಡನೆಯದು ಮಾತ್ರೆ, ನಾಟಿ ಔಷಧಿ. ಪಾವಗಡ, ಶಿರಾ, ಮಧುಗಿರಿ ಕಡೆಯ ಫ್ಲೋರೈಡ್ ನೀರು ನಿಮಗೆ ಗೊತ್ತೇ ಇದೆ. ಹಲ್ಲು ಕಂದು, ಸೊಂಟ ಬಗ್ಗದು, ಕೀಲು ನೋವು. ನೋವಿಗೆ ಅಂಗಡಿಯಿಂದ ದಿನಾ ಒಂದು ಮಾತ್ರೆ. ಡೈಕ್ಲೋಫೆನಾಕ್‌ನಂಥವನ್ನು ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಕೇಡು, ಕೆಲವರಲ್ಲಿ ಲಿವರ್‌ಗೂ ಕೇಡು. ಪ್ಯಾರಾಸಿಟಮಾಲ್ ಅಳತೆ ಮೀರಿದರೆ, ಅದರಲ್ಲೂ ಕುಡಿಯುವವರಿಗೆ, ನೇರವಾಗಿ ಲಿವರ್‌ಗೆ ಪೆಟ್ಟು. ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲೂ ಕೆಲವು ಲಿವರನ್ನು ಕೆಣಕುತ್ತವೆ. ಹಾಗೆಂದು ಅವನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಕಾಮಾಲೆಗೆ ನಾಟಿ ಔಷಧಿ ಕುಡಿದು, ಕೈಗೆ ಬರೆ ಹಾಕಿಸಿಕೊಂಡು ಬರುವವರನ್ನು ನಾನು ಬೈಯುವುದಿಲ್ಲ. ಕಾಮಾಲೆಯ ಎಷ್ಟೋ ಪ್ರಕರಣ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಆದರೆ ಏನು ಕುಡಿದಿರಿ ಎಂಬುದನ್ನು ಹೇಳಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಇರಲಿಲ್ಲ. ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರವರಲ್ಲಿರಲಿ. ಆಪರೇಷನ್ ನಿಗದಿಯಾದವರು ಡಾಕ್ಟರಿಗೆ ತಿಳಿಸದೆ ಯಾವ ಕಷಾಯ, ಪುಡಿ, ಲೇಹ್ಯವನ್ನೂ ತೆಗೆದುಕೊಳ್ಳಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್‌ಗಳ ಪರೀಕ್ಷೆಯನ್ನೂ ಮಾಡುತ್ತಾರೆ. ಅದು ಬಂತೆಂದರೆ ನಡತೆಯ ಮೇಲೆ ಅನುಮಾನ ಪಡಬೇಡಿ. ಹಳೆಯ ಕಾಲದ ಒಂದೇ ಸೂಜಿಯ ಇಂಜೆಕ್ಷನ್‌ನಿಂದಲೂ, ಹುಟ್ಟುವಾಗ ತಾಯಿಯಿಂದಲೂ ಬಂದಿರಬಹುದು. ಸಿ ವೈರಸ್‌ಗೆ ಈಗ ಮಾತ್ರೆಗಳಿವೆ, ಬಹುಪಾಲು ಜನರಿಗೆ ಮೂರು ತಿಂಗಳಲ್ಲಿ ವಾಸಿಯಾಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದರ ಚಿಕಿತ್ಸೆ ಉಚಿತ.

ಸಹಕಾರಿಗಳ ಮುಂದೆ ನಿಂತು ಯಶಸ್ವಿನಿ ಹೆಸರು ಹೇಳದೆ ಇರಲಾರೆ. 2003ರ ಜೂನ್‌ನಲ್ಲಿ ಅದು ಜಾರಿಗೆ ಬಂದಾಗ ಸದಸ್ಯನ ಪಾಲು ತಿಂಗಳಿಗೆ 5 ರೂಪಾಯಿ. ಆ ಐದು ರೂಪಾಯಿಯ ಮೇಲೆ ಹಳ್ಳಿಯ ರೈತ ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾದಾಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಎಂದು ನಿಗದಿಯಾಯಿತು. ಕಾರ್ಡು ಮಾಡಿಸುವ ದಿನವೇ ಮನೆಯವರ ಹಳೇ ರಿಪೋರ್ಟುಗಳನ್ನೆಲ್ಲ ಒಂದು ಫೈಲಿಗೆ ಹಾಕಿಡಿ. ಹತ್ತು ವರ್ಷದ ಹಿಂದಿನ ಒಂದು ಬಿಲಿರುಬಿನ್ ಚೀಟಿ ಕೂಡ ಬೆಲೆಯುಳ್ಳದ್ದು. ಕಾಯಿಲೆ ಹೊಸದೋ ಹಳೆಯದೋ ಎಂಬುದನ್ನು ಅದು ಹೇಳುತ್ತದೆ.

(ಭಾಷಣದ ನಂತರ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.)

ಪ್ರಶ್ನೆ: ಲಿವರ್ ಪೂರ್ತಿ ಕೆಟ್ಟವರಿಗೆ ಹೃದಯಕ್ಕೆ ಏನೂ ಮಾಡೋ ಹಾಗೇ ಇಲ್ವಾ ಸಾರ್?

ಉತ್ತರ: ಇದೆ. ಎದೆ ಸೀಳುವುದೊಂದೇ ದಾರಿಯಲ್ಲ. ರಕ್ತನಾಳ ಕಟ್ಟಿದ್ದರೆ ಕೈಯಿಂದಲೋ ತೊಡೆಯಿಂದಲೋ ತಂತಿ ಹಾಕಿ ಸ್ಟೆಂಟ್ ಇಡಬಹುದು. ಕಿರಿದಾದ ಕವಾಟವನ್ನು ಕೆಲವರಲ್ಲಿ ಬಲೂನಿನಿಂದ ಹಿಗ್ಗಿಸಬಹುದು. ಬೈಪಾಸ್ ಅನ್ನೇ ಮಾಡಬೇಕಾದರೂ ಯಂತ್ರಕ್ಕೆ ಹಾಕದೆ, ಮಿಡಿಯುತ್ತಿರುವ ಹೃದಯದ ಮೇಲೆಯೇ ಮಾಡುವ ವಿಧಾನವಿದೆ; ಲಿವರ್ ಸೋತವರಿಗೆ ಅದು ವಾಸಿ ಎನ್ನುವ ಸರ್ಜನ್ನರಿದ್ದಾರೆ. ಕವಾಟದ ಹಿನ್ನೀರಿನಿಂದಲೇ ಊದಿಕೊಂಡ ಲಿವರ್ ಆದರೆ, ಗಟ್ಟಿಯಾಗುವ ಮೊದಲು ಕವಾಟ ಸರಿಮಾಡಿದರೆ ಅದೂ ಸುಧಾರಿಸುತ್ತದೆ. ಸಿ ವರ್ಗದವರಿಗೆ ಮಾತ್ರ ಬಹಳ ಸಲ ಔಷಧಿಯಲ್ಲೇ ಇರುವುದು ಮೇಲು.

ಪ್ರಶ್ನೆ (ತಾಯಿಯೊಬ್ಬರು): ನಮ್ಮೆಜಮಾನ್ರು ಕುಡೀತಾರೆ ಅಂತ ಅವರೆದುರಿಗೇ ಡಾಕ್ಟ್ರಿಗೆ ಹೇಳೋದು ಹೆಂಗಪ್ಪ? ಹೇಳಿದ್ರೆ ಆಪರೇಷನ್ನೇ ಮಾಡಲ್ಲ ಅಂದ್ರೆ?

ಉತ್ತರ: ಅವರೆದುರಿಗೆ ಹೇಳಬೇಡಿ ತಾಯಿ. ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರು ಬಂದು ಮಾತಾಡಿಸುತ್ತಾರೆ. ಅವರು ಹೊರಗೆ ಬಂದಾಗ ಒಂದು ನಿಮಿಷ ಅಂತ ನಿಲ್ಲಿಸಿ ಹೇಳಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆಸಿ ಕೊಡಿ. ದಿನಕ್ಕೆ ಎಷ್ಟು, ಕ್ವಾರ್ಟರೋ ಅರ್ಧವೋ; ಎಷ್ಟು ವರ್ಷದಿಂದ; ಕೊನೆಯ ಸಲ ಕುಡಿದದ್ದು ಯಾವತ್ತು. ಇಷ್ಟೇ ಸಾಕು. ಅದನ್ನು ತಿಳಿದು ದಿನ ಮುಂದಕ್ಕೆ ಹಾಕಬಹುದು, ಒಂದೆರಡು ಪರೀಕ್ಷೆ ಹೆಚ್ಚು ಮಾಡಬಹುದು, ಔಷಧಿಯ ಅಳತೆ ಬದಲಾಯಿಸಬಹುದು. ಅವರಿಗೆ ಬೇಕಾಗಿರುವುದು ಆ ಮೂರು ಉತ್ತರ, ಯಾರು ಹೇಳಿದರು ಎಂಬುದಲ್ಲ.